ಸೋಮವಾರದ ನೀಲಿ ಮಾತ್ರೆ

ಕುಮಟಾದಲ್ಲಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ, ಚೀಲವನ್ನು ಎಲ್ಲಿಡುವುದು ಎಂಬ ಸಣ್ಣ ವಿಷಯವನ್ನೂ ತೀರ್ಮಾನಿಸಲು ಶ್ರೀಕೃಷ್ಣನಿಗೆ ಆಗಲಿಲ್ಲ. ಕಾಲಡಿ ಇಟ್ಟ, ಎತ್ತಿದ, ಪಕ್ಕದ ಖಾಲಿ ಸೀಟಿನಲ್ಲಿಟ್ಟ, ಯಾರಾದರೂ ಬಂದು ಕೂರುತ್ತಾರೆಂದು ಮತ್ತೆ ತೊಡೆಗೇ ತಂದುಕೊಂಡ. ಒಳಗಿದ್ದದ್ದು ಊಟದ ಡಬ್ಬಿ, ನೀರಿನ ಬಾಟಲಿ ಮತ್ತು ರಟ್ಟು ಹೊದಿಸಿದ ಒಂದು ರಿಜಿಸ್ಟರು. ರಟ್ಟಿನ ಮೇಲೆ ಅವನದೇ ದುಂಡು ಅಕ್ಷರ: 'ರಕ್ತಹೀನತೆ – ಹೆಣ್ಣುಮಕ್ಕಳು – ಮಾತ್ರೆ ವಿತರಣೆ'. ಹೆಡ್‌ಮಿಸ್ಟ್ರೆಸ್ ವಿನುತಾ ನಿನ್ನೆ ಸಂಜೆ ಫೋನು ಮಾಡಿ, "ಆಸ್ಪತ್ರೆಯವರು ರಿಜಿಸ್ಟರ್ ನೋಡ್ಬೇಕು ಹೇಳ್ತಾ ಇದಾರೆ ಸರ್, ನೀವೇ ತಗಂಡು ಹೋಗಿ. ನಿಮ್ಮ ದಾಖಲೆ ಅಂದ್ರೆ ನಮಗೆ ಧೈರ್ಯ" ಎಂದಿದ್ದಳು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇಂಥ ಮಾತು ಕೇಳಿದಾಗಲೆಲ್ಲ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ನಿನ್ನೆ ಮಾತ್ರ ಫೋನು ಹಿಡಿದವನು ಕುರ್ಚಿ ಎಳೆದುಕೊಂಡು ಕೂತ. ಅವನ ತರಗತಿಯ ಧನ್ಯಶ್ರೀ, ಮಿರ್ಜಾನದ ಕಡೆಯ ಹೊಳೆದಂಡೆಯ ಹುಡುಗಿ, ಒಂಬತ್ತನೆಯ ಇಯತ್ತೆ, ಹೋದ ಶನಿವಾರ ಪ್ರಾರ್ಥನೆಯ ಹೊತ್ತಿಗೆ ಸಾಲಿನಿಂದ ಕುಸಿದು ಬಿದ್ದು ಈಗ ಹೊನ್ನಾವರದ ಆಸ್ಪತ್ರೆಯಲ್ಲಿದ್ದಾಳೆ. ಹನ್ನೆರಡಿರಬೇಕಾದ ಹಿಮೋಗ್ಲೋಬಿನ್ ನಾಲ್ಕೂವರೆಗೆ ಇಳಿದಿದೆ. ಎಂಟು ತಿಂಗಳು ತಪ್ಪದೆ ಕಬ್ಬಿಣದ ಮಾತ್ರೆ ನುಂಗಿದ್ದಾಳೆಂದು ರಿಜಿಸ್ಟರು ಹೇಳುತ್ತದೆ. ಹಾಗಿದ್ದೂ ರಕ್ತ ಇಳಿದಿದೆಯೆಂದರೆ ಇದು ಸಾದಾ ರಕ್ತಹೀನತೆಯಲ್ಲ, ಒಳಗೆ ಬೇರೇನೋ ಇದೆ ಎಂದು ಡಾಕ್ಟರು ಯೋಚಿಸಿದ್ದಾರೆ. ಇವತ್ತು, ಗುರುವಾರ ಮಧ್ಯಾಹ್ನ, ಆಂಬುಲೆನ್ಸಿನಲ್ಲಿ ಮಣಿಪಾಲಕ್ಕೆ ಒಯ್ದು, ಸೊಂಟದ ಎಲುಬಿಗೆ ಸೂಜಿ ಇಳಿಸಿ ಮಜ್ಜೆ ತೆಗೆದು ನೋಡುವುದೆಂದು ನಿಶ್ಚಯವಾಗಿದೆ. ಆ ಮಾತ್ರೆಗಳಲ್ಲಿ ಮೊದಲ ಎರಡು ಮೂರನ್ನು ಬಿಟ್ಟರೆ ಒಂದನ್ನೂ ಅವಳು ನುಂಗಿಲ್ಲ ಎಂಬ ಸಂಗತಿ ಇಬ್ಬರಿಗೆ ಮಾತ್ರ ಗೊತ್ತು. ಒಬ್ಬಳು ಮಂಚದ ಮೇಲಿದ್ದಾಳೆ, ಇನ್ನೊಬ್ಬ ಈ ಬಸ್ಸಿನಲ್ಲಿದ್ದಾನೆ.

"ಮಾಸ್ತರೆ, ನೀವೂ ಅಲ್ಲಿಗೇ ಹೊಂಟದ್ದಾ?" ಎಂದು ಪಕ್ಕದಲ್ಲಿ ಕೂತವನು ಶುಕ್ರ. ಧನ್ಯಶ್ರೀಯ ನೆರೆಮನೆಯವನು, ಅಘನಾಶಿನಿಯಲ್ಲಿ ಪಾತಿದೋಣಿ ಇಟ್ಟುಕೊಂಡು ಬಲೆ ಹಾಕುವವನು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಮದುವೆಗೆ ಹೊರಟವನಂತೆ ಕಾಣುತ್ತಿದ್ದ. "ರಕ್ತ ಕೊಡುಕೆ ಹೊಂಟೆ. ನಂದು ಅವಳದು ಒಂದೇ ಗುಂಪಂತೆ. ಬೆಳಿಗ್ಗೆ ಎರಡು ಮೊಟ್ಟೆ ತಿಂದ್ಕಂಡೇ ಬಂದೆ," ಎಂದು ತೋಳು ಮಡಚಿ ತೋರಿಸಿದ. ಆಮೇಲೆ ದನಿ ತಗ್ಗಿಸಿ, "ಅದೆಂತದೋ ರಕ್ತಹೀನತೆ ಅಂತ್ರಲ್ಲ ಮಾಸ್ತರೆ, ಅದು ನಮ್ಮ ಬದಿಗೆ ಇಲ್ಲದ ಮಾತು. ರಕ್ತ ಕಮ್ಮಿ ಅಂದ್ರೆ ಆತು. ಕಮ್ಮಿ ಅಂದ್ರೆ ತುಂಬ್ಸುಕೆ ಬತ್ತದೆ. ಹೀನ ಅಂದ್ಬಿಟ್ರೆ ಮತ್ತೆಂತ ಮಾಡುದು?" ಎಂದ. ಶ್ರೀಕೃಷ್ಣ ನಕ್ಕಂತೆ ಮಾಡಿದ. ಕನ್ನಡ ಮಾಸ್ತರನಾಗಿ ಆ ಪದವನ್ನು ಸಮರ್ಥಿಸಬೇಕೆನಿಸಿತು. ಹೀನ ಅಂದರೆ ಇಲ್ಲಿ ಕೀಳು ಅಂತಲ್ಲ ಶುಕ್ರ, ಕೊರತೆ ಅಂತ ಅರ್ಥ, ಅಂತ ಹೇಳಬೇಕೆಂದಿದ್ದವನು ಕಿಟಕಿಯ ಕಡೆ ತಿರುಗಿದ. ಹಳದೀಪುರದ ಗದ್ದೆಗಳು ಬಂದವು. ಶೇಂಗಾ ಹಾಕಿದ್ದರು. ಹೆಂಗಸರು ಸಾಲಾಗಿ ಬಗ್ಗಿ ಕಳೆ ಕೀಳುತ್ತಿದ್ದರು. ಒಬ್ಬಳು ಎದ್ದು ನಿಂತು ಸೊಂಟಕ್ಕೆ ಕೈಕೊಟ್ಟು, ಕಣ್ಣಿಗೆ ಕತ್ತಲೆ ಬಂದವಳಂತೆ ಸ್ವಲ್ಪ ಹೊತ್ತು ಹಾಗೇ ನಿಂತು, ಮತ್ತೆ ಬಗ್ಗಿದಳು.

ಈ ಪದವನ್ನು ಶಾಲೆಗೆ ತಂದವನು ಅವನೇ. ಹೋದ ಜುಲೈನಲ್ಲಿ ಆರೋಗ್ಯ ಇಲಾಖೆಯವರು ಬಂದು ಹುಡುಗಿಯರ ಬೆರಳು ಚುಚ್ಚಿ ಪರೀಕ್ಷೆ ಮಾಡಿ ಇಪ್ಪತ್ತೇಳು ಹೆಸರುಗಳ ಪಟ್ಟಿ ಕೊಟ್ಟು ಹೋದರು. ಅದರಲ್ಲಿ 'ಅನೀಮಿಯಾ' ಎಂದಿತ್ತು. ಅನೀಮಿಯಾ ಎಂದರೆ ಮಕ್ಕಳಿಗೆ ಏನು ತಿಳಿಯುತ್ತದೆ ಎಂದು ಅವನು ಒಂದು ಇಡೀ ರವಿವಾರ ಕೂತು, ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ 'ರಕ್ತಹೀನತೆ' ಎಂದು ಬರೆದು, ಕೆಳಗೆ ಅರ್ಥ, ಲಕ್ಷಣ, ಉಪಾಯ ಎಲ್ಲ ಬರೆದು ವರಾಂಡದಲ್ಲಿ ತೂಗುಹಾಕಿದ. ತ ಒತ್ತು ಎಷ್ಟು ಚೆನ್ನಾಗಿ ಬಂದಿದೆಯೆಂದು ದೂರ ನಿಂತು ನೋಡಿಕೊಂಡಿದ್ದೂ ಉಂಟು. ಸೋಮವಾರ ಮಧ್ಯಾಹ್ನ ಬಿಸಿಯೂಟದ ನಂತರ ಆ ಹಾಳೆಯ ಕೆಳಗೆ ಇಪ್ಪತ್ತೇಳು ಹುಡುಗಿಯರು ಸಾಲು ನಿಲ್ಲುವುದು, ಅವನು ಹೆಸರು ಓದುವುದು, ಒಬ್ಬೊಬ್ಬಳೂ ಆ ವಾರದ ನೀಲಿ ಮಾತ್ರೆಗಳ ಸ್ಟ್ರಿಪ್ ಪಡೆದು, ಮೊದಲನೆಯದನ್ನು ಅವನ ಎದುರಿಗೇ ನುಂಗಿ, ಉಳಿದದ್ದನ್ನು ಮನೆಗೆ ಒಯ್ಯುವುದು ಎಂದು ವ್ಯವಸ್ಥೆಯಾಯಿತು. ಮೂರನೆಯ ವಾರಕ್ಕೇ ಗಂಡುಹುಡುಗರು ಆ ಸಾಲಿಗೆ 'ಹೀನತೆ ಲೈನು' ಎಂದು ಹೆಸರಿಟ್ಟರು. ಕಬಡ್ಡಿಯಲ್ಲಿ ಔಟಾದವಳನ್ನು 'ಹೋಗು, ಹೀನತೆ' ಎಂದು ಕೂಗುವುದು ಅವನ ಕಿವಿಗೂ ಬಿತ್ತು. ಒಬ್ಬನ ಕಿವಿ ಹಿಂಡಿದ. ಪದ ಮಾತ್ರ ಅಂಗಳದಲ್ಲೇ ಉಳಿಯಿತು. ಧನ್ಯಶ್ರೀ ಒಂದು ದಿನ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು, ಒಂದು ಕಾಲಿನಿಂದ ಇನ್ನೊಂದು ಕಾಲನ್ನು ತುಳಿದುಕೊಳ್ಳುತ್ತ, "ಸರ್, ನನ್ನ ಹೆಸ್ರು ಓದ್ಬೇಡಿ ಸರ್. ನೀವೇ ಕರ್ದು ಕೊಡಿ, ನಾ ಮನೇಲಿ ತಗಳ್ತೆ. ಮತ್ತೆ ನಂಗೆ ಸೋಮಾರ ಒಪ್ಪತ್ತು," ಎಂದಳು.

ಒಪ್ಪತ್ತು ಸುಳ್ಳಲ್ಲ. ಗೋಕರ್ಣದ ದಿಕ್ಕಿಗೆ ಕೈಮುಗಿಯುವ ಆ ಊರುಗಳಲ್ಲಿ ಸೋಮವಾರ ಮೀನು ಹೇಗೂ ಇಲ್ಲ, ಎಷ್ಟೋ ಹುಡುಗಿಯರು ಸಂಜೆಯ ತನಕ ಏನೂ ತಿನ್ನುವುದಿಲ್ಲ. ಕಬ್ಬಿಣದ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬಾರದೆಂದು ಸುತ್ತೋಲೆಯಲ್ಲಿ ದಪ್ಪ ಅಕ್ಷರದಲ್ಲಿತ್ತು. ಎರಡನೆಯ ವಾರ ಒಪ್ಪತ್ತಿನ ಹುಡುಗಿಯೊಬ್ಬಳು ನುಂಗಿ ವರಾಂಡದಲ್ಲೇ ವಾಂತಿ ಮಾಡಿಕೊಂಡ ಮೇಲೆ ಅವನು ಉಪವಾಸದವರಿಗೆ ರಿಯಾಯಿತಿ ಕೊಟ್ಟ. ದಿನವನ್ನು ಮಂಗಳವಾರಕ್ಕೆ ಬದಲಾಯಿಸಿದ್ದರೆ ಮುಗಿಯುತ್ತಿತ್ತು. ಅದಕ್ಕೆ ಒಂದು ಪತ್ರ ಬರೆಯಬೇಕು, ವಿನುತಾಳ ಸಹಿ ಹಾಕಿಸಬೇಕು, ಕುಮಟಾದ ಆಫೀಸಿಗೆ ಹೋಗಿ ಗುಮಾಸ್ತನ ಎದುರು ನಿಲ್ಲಬೇಕು. ಅದರ ಬದಲು 'ಆತು, ಮನೇಲಿ ತಗೊಳ್ಳಿ' ಎನ್ನುವುದು ಸುಲಭವಾಗಿತ್ತು, ಮತ್ತು ಹಾಗೆನ್ನುವಾಗ ಹುಡುಗಿಯರ ಮುಖದಲ್ಲಿ ಮೂಡುತ್ತಿದ್ದ ಕೃತಜ್ಞತೆ ಅವನಿಗೆ ರುಚಿಸಿತ್ತು. ಶ್ರೀಕೃಷ್ಣ ಸರ್ ಒಳ್ಳೆಯವರು. ಬರಬರುತ್ತ ಒಪ್ಪತ್ತು ಮಾಡದವರೂ ಒಪ್ಪತ್ತು ಎನ್ನತೊಡಗಿದರು. ಅವನು ಯಾರನ್ನೂ ಅಡ್ಡ ಕೇಳಲಿಲ್ಲ. 'ಸೇವಿಸಿದ್ದಾಳೆ' ಎಂಬ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗೆ ಇಪ್ಪತ್ತೇಳು ಸರಿ ಗುರುತು ಹಾಕಲು ಒಂದು ನಿಮಿಷವೂ ಹಿಡಿಯುತ್ತಿರಲಿಲ್ಲ.

ಬೆಳಿಗ್ಗೆ ಹೊರಡುವಾಗ ಹೆಂಡತಿ ವಸಂತಿ ಡಬ್ಬಿ ಕೊಡುತ್ತ, "ನಿಮ್ಮ ಮುಖ ಎಂತಕ್ಕೆ ಹೀಂಗಿದ್ದು? ರಾತ್ರಿ ನಿದ್ದೆ ಬೈಂದಿಲ್ಯಾ?" ಎಂದಿದ್ದಳು. "ಎಂತೂ ಇಲ್ಲೆ. ಹೊನ್ನಾವರಕ್ಕೆ ಹೋಗಿ ಬತ್ತೆ," ಎಂದಿದ್ದ. ಹೇಳಿದ್ದರೆ ಅವಳು ಬಯ್ಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಆ ನೋಟ ಅವನಿಗೆ ಗೊತ್ತು. ಅವಳನ್ನು ನೋಡಲು ಹೋದ ದಿನ ಅವನ ಅಮ್ಮ, ತಟ್ಟೆ ಹಿಡಿದು ಬಂದ ಹುಡುಗಿಯ ಕೈಬೆರಳು ನೋಡಿ, "ಕೂಸು ಎಷ್ಟು ಬೆಳ್ಳಗಿದ್ದು! ನಮ್ಮನೆಗೆ ಆತು," ಎಂದು ಅಲ್ಲೇ ಒಪ್ಪಿಗೆ ಕೊಟ್ಟಿದ್ದರು. ಮದುವೆಮನೆಯಲ್ಲಿ ಎಲ್ಲರ ಬಾಯಲ್ಲೂ ಸೊಸೆಯ ಬಣ್ಣವೇ. ಅವನೂ ಬೀಗಿದ್ದ. ಆರು ವರ್ಷ, ಎರಡು ಗರ್ಭಪಾತ, ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುವ ಅಭ್ಯಾಸ, ಇವೆಲ್ಲ ಆದ ಮೇಲೆ ಒಬ್ಬ ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿ ಆ ಪದ ಹೇಳಿದರು. ಅವನಿಗೆ ಮೊದಲು ಬಂದದ್ದು ಕನಿಕರವಲ್ಲ, ಮೋಸಹೋದ ಸಿಟ್ಟು. ಇಷ್ಟು ವರ್ಷ ಬಿಳುಪು ಎಂದುಕೊಂಡಿದ್ದು ಬಿಳಿಚುವಿಕೆಯೇ? ಆಟೋದಲ್ಲಿ ಮನೆಗೆ ಬರುವಾಗ, "ಬರೀ ರಕ್ತಹೀನತೆಯಡ, ಹೆದರುವಂಥದ್ದು ಎಂತೂ ಇಲ್ಲೆ," ಎಂದು ಸಮಾಧಾನ ಹೇಳಿದ್ದ. ಅವಳು ಅವನ ಕಡೆ ತಿರುಗಿ, "ಎಷ್ಟು ವರ್ಷದಿಂದ ಸುಸ್ತು ಹೇಳ್ತಾ ಇದ್ದೆ. ಯಾರೂ ಕೇಳಿದ್ದಿಲ್ಲೆ," ಎಂದು ಆ ನೋಟ ನೋಡಿದಳು. ಅವಳು ಮಾತ್ರೆಗಳನ್ನು ಒಂದು ದಿನವೂ ತಪ್ಪಿಸದೆ ನುಂಗಿದಳು, ಹೊಟ್ಟೆ ಕೆಟ್ಟರೂ ನುಂಗಿದಳು. ಇದೆಲ್ಲ ಕಣ್ಣಾರೆ ಕಂಡವನು ಶಾಲೆಯಲ್ಲಿ ಹಾಗೆ ಹೇಗೆ ಮಾಡಿದೆ ಎಂದು ಅವನು ತನ್ನನ್ನು ಕೇಳಿಕೊಂಡ. ಉತ್ತರ ನಾಚಿಕೆಗೇಡಿನಷ್ಟು ಸಣ್ಣದಾಗಿತ್ತು: ಅವು ಪರರ ಮಕ್ಕಳು.

ಅದೂ ಪೂರ್ತಿ ನಿಜವಲ್ಲ. ಅಷ್ಟು ಮಾತ್ರವಾಗಿದ್ದರೆ ಗೊತ್ತಿಲ್ಲದೆ ಆದದ್ದು ಎನ್ನಬಹುದಿತ್ತು. ನವೆಂಬರಿನ ಒಂದು ಸಂಜೆ, ಶಾಲೆ ಬಿಟ್ಟು ಹೊಳೆಯ ದಾರಿಯಲ್ಲಿ ಬೈಕು ನಿಲ್ಲಿಸಿದ್ದಾಗ, ಧನ್ಯಶ್ರೀಯ ಮನೆಯ ಎದುರಿನ ಕೆಸರಿನಲ್ಲಿ ನೀಲಿ ಚುಕ್ಕೆಗಳು ಕಂಡಿದ್ದವು. ಬಗ್ಗಿ ನೋಡಿದ. ಮಾತ್ರೆಗಳು. ಇಳಿತದ ನೀರು ಅವನ್ನು ಒಯ್ಯಲಾರದೆ ದಂಡೆಗೇ ಬಿಟ್ಟು ಹೋಗಿತ್ತು. ನಾಲ್ಕು ಮಾರು ದೂರದಲ್ಲಿ ಧನ್ಯಶ್ರೀಯ ತಾಯಿ ಗಣಪಿ ಸೊಂಟದ ಮಟ್ಟ ನೀರಿನಲ್ಲಿ ನಿಂತು ಕಾಲಿನಿಂದ ತಡಕಿ ಬಳಚು ಚಿಪ್ಪುಮೀನು ಹೆಕ್ಕುತ್ತಿದ್ದಳು. ಬುಟ್ಟಿ ತಲೆಕೆಳಗಾದ ದೋಣಿಯ ಮೇಲಿತ್ತು. ಅವನನ್ನು ಕಂಡು ಒದ್ದೆ ಕೈಯೆತ್ತಿ, "ಮಾಸ್ತರೆ, ಹುಷಾರಾ?" ಎಂದಳು. "ಹುಷಾರು," ಎಂದ. ಎನ್ನುತ್ತಲೇ ಚಪ್ಪಲಿಯ ಹಿಮ್ಮಡಿಯಿಂದ ಆ ಮಾತ್ರೆಗಳನ್ನು ಒಂದೊಂದಾಗಿ ಕೆಸರಿಗೆ ಒತ್ತಿದ. ಕಪ್ಪು ಕೆಸರು ಅವನ್ನು ನುಂಗಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ಅವನು ಕಣ್ಣು ತೆರೆದುಕೊಂಡೇ ಇದನ್ನು ಮಾಡಿದ. ಮರುಸೋಮವಾರ ಧನ್ಯಶ್ರೀಯನ್ನು ಬೇರೆ ಕರೆದು ಮಾತ್ರೆ ಕೊಡುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬಸ್ಸು ಕರ್ಕಿಯಲ್ಲಿ ನಿಂತಿತು. ಇಳಿದುಬಿಡಲೇ ಎಂದು ಒಂದು ಕ್ಷಣ ಅನಿಸಿತು. ಇಳಿದು? ರಿಜಿಸ್ಟರು ಎಲ್ಲೋ ಬಿದ್ದುಹೋಯಿತು ಎನ್ನಬಹುದು. ಡಾಕ್ಟರನ್ನು ಒಬ್ಬರನ್ನೇ ಬದಿಗೆ ಕರೆದು, ಮನೆಗೆ ಒಯ್ದ ಮೇಲೆ ಮಕ್ಕಳು ತಿನ್ನುತ್ತಾರೋ ಬಿಡುತ್ತಾರೋ ಯಾರಿಗೆ ಗೊತ್ತು ಮೇಡಂ ಎಂದು ತೇಲಿಸಿ ಹೇಳಬಹುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೆ ಅಂಥ ದಾರಿಗಳನ್ನೆಲ್ಲ ಈ ಸೋಮವಾರವೇ ಕೆಡಿಸಿಕೊಂಡಾಗಿತ್ತು. ಸೋಮವಾರ ಅವನು ಬಾಳೆಹಣ್ಣಿನ ಚಿಪ್ಪು ಹಿಡಿದು ನೋಡಲು ಹೋದಾಗ ಡಾಕ್ಟರು, ಭಟ್ಕಳದಿಂದ ದಿನಾ ಬಂದು ಹೋಗುವ ನಡುವಯಸ್ಸಿನ ಹೆಂಗಸು, ನೇರವಾಗಿ ಅವನನ್ನೇ ಕೇಳಿದ್ದರು, "ಮಾತ್ರೆ ಸರಿಯಾಗಿ ತಗೊಂಡಿದಾಳಾ ಸರ್?" ಅವನು ತಲೆಯಾಡಿಸಿದ. ಬಾಯಿಂದ ಹೌದು ಎನ್ನಲಿಲ್ಲ, ಬರೀ ತಲೆಯಾಡಿಸಿದ. ಮಂಚದ ಮೇಲೆ ಧನ್ಯಶ್ರೀ ಫ್ಯಾನು ನೋಡುತ್ತ ಮಲಗಿದ್ದಳು. ಮಾಸ್ತರು ಹಾಗೆಂದ ಮೇಲೆ ಅವಳು ಬೇರೆ ಏನು ಹೇಳಿಯಾಳು? "ಹಾಗಾದ್ರೆ ತಾಯಿ ತಂದೆ ರಕ್ತಾನೂ ನೋಡ್ಬೇಕಾಗ್ತದೆ. ಕೆಲವು ಕಾಯಿಲೆ ಹುಟ್ಟಿನಿಂದ್ಲೇ ಬರೋದು," ಎಂದು ಡಾಕ್ಟರು ಬರೆದುಕೊಂಡರು. ಗಣಪಿ ಅವನನ್ನು ಬಾಗಿಲ ತನಕ ಕಳಿಸಲು ಬಂದು, "ನಮ್ಮ ಕೈಲಿ ಆಗದ್ದು ನೀವು ಮಾಡಿದ್ರಿ ಮಾಸ್ತರೆ. ಮಾತ್ರೆ ನುಂಗ್ಸಿದ್ರಿ," ಎಂದಳು. ಅವನು ಬಾಳೆಹಣ್ಣಿನ ಚಿಪ್ಪನ್ನು ಅವಳ ಕೈಗೆ ಕೊಟ್ಟು ಬೇಗ ಬೇಗ ಮೆಟ್ಟಿಲಿಳಿದಿದ್ದ.

ಆಸ್ಪತ್ರೆ ತಲುಪಿದಾಗ ಹನ್ನೊಂದಾಗಿತ್ತು. ಶುಕ್ರ ರಕ್ತ ಕೊಡುವ ಕೋಣೆಯನ್ನು ಕೇಳಿಕೊಂಡು, ಮಕ್ಕಳಂತೆ ಉತ್ಸಾಹದಿಂದ ಆ ಕಡೆ ಹೋದ. ವಾರ್ಡಿನ ಹೊರಗೆ ಬೆಂಚಿನ ತುದಿಯಲ್ಲಿ ಗಣಪಿ ಕೂತಿದ್ದಳು. ಪಕ್ಕದಲ್ಲಿ ಬಟ್ಟೆಯ ಗಂಟು, ಸ್ಟೀಲಿನ ಬುತ್ತಿ. ಮಣಿಪಾಲಕ್ಕೆ ಹೊರಡಲು ಸಿದ್ಧವಾಗಿದ್ದಳು. ಮಗಳ ಮಂಚದ ಬದಿಯಲ್ಲಿ ಸ್ಟೂಲು ಖಾಲಿಯಿದ್ದರೂ ಇವಳು ಇಲ್ಲೇಕೆ ಕೂತಿದ್ದಾಳೆ ಎಂದು ಅವನಿಗೆ ಆಶ್ಚರ್ಯವಾಯಿತು. ಮೂರು ದಿನದಲ್ಲಿ ಮುಖ ಇಳಿದುಹೋಗಿತ್ತು. "ಬಂದ್ರಾ ಮಾಸ್ತರೆ," ಎಂದು ಎದ್ದಳು. ಅವಳು ಹಾಗೆ ಏಳುವುದು ಅವನಿಗೆ ಬೇಡವಾಗಿತ್ತು.

ಡಾಕ್ಟರು ಬಂದು ಅಲ್ಲೇ ನಿಂತು ರಿಜಿಸ್ಟರು ತೆರೆದರು. ಹಾಳೆ ತಿರುವುತ್ತ, "ಎಷ್ಟು ನೀಟಾಗಿ ಇಟ್ಟಿದೀರಿ. ಇಷ್ಟು ಚಂದದ ರಿಜಿಸ್ಟರ್ ನಾನು ಯಾವ ಶಾಲೆಯಲ್ಲೂ ನೋಡಿಲ್ಲ," ಎಂದರು. ವ್ಯಂಗ್ಯ ಇರಲಿಲ್ಲ. ಜುಲೈ, ಆಗಸ್ಟ್, ಸೆಪ್ಟೆಂಬರ್. ಬೆರಳು ಧನ್ಯಶ್ರೀಯ ಸಾಲಿನ ಮೇಲೆ ಎಡದಿಂದ ಬಲಕ್ಕೆ ಸರಿಯುತ್ತಿತ್ತು. ಎಲ್ಲ ಸರಿ ಗುರುತು. "ಒಂದೂ ತಪ್ಪಿಲ್ಲ. ಸರಿ, ಹಾಗಾದ್ರೆ ಆಂಬುಲೆನ್ಸಿಗೆ ಹೇಳ್ತೀನಿ. ಈ ಪುಟದ್ದು ಒಂದು ಜೆರಾಕ್ಸ್ ಅವರಿಗೆ ಬೇಕು," ಎಂದು ರಿಜಿಸ್ಟರನ್ನು ನರ್ಸಿನ ಕೈಗೆ ದಾಟಿಸಿದರು. ತೆರೆದ ಬಾಗಿಲಿನಿಂದ ಧನ್ಯಶ್ರೀಯ ಪಾದಗಳು ಕಾಣುತ್ತಿದ್ದವು. ಉಗುರುಗಳು ಬಿಳಿ ಕಾಗದದ ಹಾಗಿದ್ದವು. ಆ ಸಣ್ಣ ಸೊಂಟಕ್ಕೆ ಇಳಿಯುವ ಸೂಜಿಯನ್ನು ಅವನು ಬೇಡವೆಂದರೂ ಕಣ್ಣ ಮುಂದೆ ಕಂಡ.

"ಅವಳು ಮಾತ್ರೆ ತಗೊಂಡಿಲ್ಲ," ಎಂದ.

ಡಾಕ್ಟರು ತಿರುಗಿದರು. "ಯಾವತ್ತು?"

"ಯಾವತ್ತೂ. ಶುರುವಿನ ಎರಡು ಮೂರು ಬಿಟ್ರೆ ಒಂದೂ ತಗೊಂಡಿಲ್ಲ. ಸೋಮವಾರ ಒಪ್ಪತ್ತು ಅಂತ ಮನೆಗೆ ಕೊಟ್ಟು ಕಳಿಸ್ತಿದ್ದೆ. ಹೊಳೆದಂಡೆಯಲ್ಲಿ ಬಿದ್ದಿದ್ದನ್ನ ನಾನೇ ಕಣ್ಣಾರೆ ನೋಡಿದೇನೆ. ನೋಡಿದ ಮೇಲೂ ಸರಿ ಗುರುತು ಹಾಕಿದೇನೆ." ತನ್ನ ದನಿ ಪಾಠ ಓದುವ ದನಿಯಂತೆಯೇ ಸ್ಪಷ್ಟವಾಗಿ, ಏರಿಳಿತವಿಲ್ಲದೆ ಬರುತ್ತಿರುವುದು ಅವನಿಗೇ ಅಸಹ್ಯವಾಯಿತು. ನರ್ಸು ಅವನನ್ನೇ ನೋಡುತ್ತಿದ್ದಳು. ಬಯ್ಯಲಿ ಎಂದು ಕಾದ. ಡಾಕ್ಟರು ಬಯ್ಯಲಿಲ್ಲ. ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡು, ಮಂಚದ ಬಳಿ ಹೋಗಿ ಹುಡುಗಿಯನ್ನು ಮೆಲ್ಲಗೆ ಏನೋ ಕೇಳಿದರು. ಹುಡುಗಿ ಅಳತೊಡಗಿದ್ದು ಕೇಳಿಸಿತು. "ವಾಸ್ನೆ ಬತ್ತದೆ ಮೇಡಂ, ವಾಂತಿ ಬಂದಾಂಗೆ ಆಗ್ತದೆ," ಎಂಬಷ್ಟು ಮಾತ್ರ ತಿಳಿಯಿತು. ಡಾಕ್ಟರು ವಾಪಸು ಬಂದರು.

"ಇದು ಮೊದಲೇ ಗೊತ್ತಾಗಿದ್ರೆ ಮಣಿಪಾಲದ ಮಾತೇ ಬರ್ತಿರಲಿಲ್ಲ. ಸದ್ಯಕ್ಕೆ ಅದನ್ನ ನಿಲ್ಲಿಸ್ತೀನಿ. ರಕ್ತ ಕೊಡೋಣ, ಆಮೇಲೆ ಕಬ್ಬಿಣ ಶುರು ಮಾಡಿ ನೋಡೋಣ. ನನಗೆ ಅನಿಸೋ ಪ್ರಕಾರ ಏರ್ತದೆ," ಎಂದರು. ಮತ್ತೆ ರಿಜಿಸ್ಟರನ್ನು ನರ್ಸಿನಿಂದ ತೆಗೆದುಕೊಂಡು, "ಉಳಿದ ಇಪ್ಪತ್ತಾರು ಜನ?" ಎಂದು ಕೇಳಿದರು.

"ಕೆಲವರು ನುಂಗಿದಾರೆ ಮೇಡಂ. ಯಾರು ಅಂತ ನನಗೆ ಗೊತ್ತಿಲ್ಲ."

"ಇದು ನನ್ನ ಹತ್ರ ಇರಲಿ. ನಾನು ಆರೋಗ್ಯಾಧಿಕಾರಿಗೆ ಫೋನ್ ಮಾಡ್ತೀನಿ. ಎಲ್ಲರ ರಕ್ತ ಇನ್ನೊಮ್ಮೆ ನೋಡ್ಬೇಕು," ಎಂದು ಅವರು ಹೊರಟುಹೋದರು. ಇನ್ನು ಮೇಲೆ ವಿನುತಾ, ನೋಟೀಸು, ವಿಚಾರಣೆ ಎಲ್ಲ ಬರುತ್ತದೆ ಎಂದು ಅವನಿಗೆ ಗೊತ್ತಾಯಿತು. ಅದರ ಭಯಕ್ಕಿಂತ ದೊಡ್ಡದಾದ ಒಂದು ಹಗುರತನ ಅವನೊಳಗೆ ಹಬ್ಬುತ್ತಿತ್ತು; ಹೇಳಿಬಿಟ್ಟೆ, ಅಂತೂ ಹೇಳಿಬಿಟ್ಟೆ, ಹುಡುಗಿ ಉಳಿದಳು. ತಡವಾದರೂ ಸರಿಯಾದದ್ದನ್ನೇ ಮಾಡಿದೆ ಎಂಬ ಸಣ್ಣ ಹೆಮ್ಮೆ ಕೂಡ ನಾಚಿಕೆ ಬಿಟ್ಟು ತಲೆ ಎತ್ತಿತು.

ಆಗ ಗಣಪಿಯ ಕಡೆ ನೋಡಿದ. ಅವಳು ಗಂಟನ್ನು ಎದೆಗೆ ಹಿಡಿದುಕೊಂಡು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು, ಎಷ್ಟು ಅರ್ಥವಾಗಿದೆಯೋ ತಿಳಿಯಲಿಲ್ಲ. "ಗಣಪಿ, ತಪ್ಪಾತು," ಎಂದ. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಹಂಗಾರೆ ಇದು ನನ್ನಿಂದ ಬಂದದ್ದಲ್ಲ?" ಎಂದಳು.

"ಅಲ್ಲ."

"ಹುಟ್ಟಿನಿಂದ ಬರೂದು ಅಂದಿದ್ರಲ್ಲ ಡಾಕ್ಟರಮ್ಮ. ಇವಳಿಗಿಂತ ಮುಂಚೆ ಒಂದು ಕೂಸು ಹೋಗಿತ್ತು ನಂದು, ಎರಡು ತಿಂಗಳದ್ದು. ಅದೂ ನನ್ನ ರಕ್ತದಿಂದ್ಲೇ ಹೋಯ್ತು, ಇದಕ್ಕೂ ನಾನೇ ಕೊಟ್ಟೆ, ಅಂತ ಮಾಡ್ಕಂಡೆ."

"ಇಲ್ಲ ಗಣಪಿ. ನಿನ್ನದು ಏನೂ ಇಲ್ಲ. ನಾನು..."

ಗಣಪಿ ಗಂಟನ್ನು ಬೆಂಚಿನ ಮೇಲಿಟ್ಟಳು. ಸೆರಗಿನಿಂದ ಎರಡೂ ಅಂಗೈಗಳನ್ನು ಚೆನ್ನಾಗಿ ಒರೆಸಿಕೊಂಡಳು. ಬಾಗಿಲ ತನಕ ಹೋದವಳು ತಿರುಗಿ ನಿಂತಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಅರ್ಥವಾಗದ ಲೆಕ್ಕವನ್ನು ಹೇಳಿಕೊಡಿ ಎಂದು ಕೇಳುವ ಮಕ್ಕಳ ಹಾಗೆ ಕೇಳಿದಳು:

"ಸೋಮಾರ ಬಂದಾಗ್ಲೇ ಹೇಳ್ಬಹುದಿತ್ತಲ್ಲ ಮಾಸ್ತರೆ? ಕೂಸು ಅಮ್ಮ ಅಮ್ಮ ಅಂತ ಕರೀತಿತ್ತು. ನನ್ನ ಮೈಯಿಂದ ಇನ್ನೂ ಎಂತ ಹೋಗ್ತದೋ ಅಂತ, ಮೂರು ದಿನ ನಾ ಅದ್ರ ಹತ್ರ ಹೋಗ್ಲಿಲ್ಲ."

ಅಷ್ಟು ಹೇಳಿ ಒಳಗೆ ಹೋದಳು.